ಶಿರಸಿಯ ಮಣ್ಣು ದಾರಿಗಳಲ್ಲಿ ಸೈಕಲ್ಲು: ಬೆಟ್ಟ, ಬೇಣ, ಗಜನಿ ಸುತ್ತುವವರಿಗೆ

ಸೈಕಲ್ ತಗೊಳ್ಳಬೇಕು ಅಂತ ಫೋನ್ ಮಾಡುವವರು ಮೊದಲು ಕೇಳುವುದು ರೇಟು. ಆಮೇಲೆ ಗೇರು ಎಷ್ಟಿರಬೇಕು, ಡಿಸ್ಕ್ ಬ್ರೇಕ್ ಬೇಕಾ ಅಂತ. ನಾನು ತಿರುಗಿ ಕೇಳುವುದು ಒಂದೇ: "ನಿಮ್ಮೂರಿಂದ ಹಾಲು ಡೈರಿಗೆ ಯಾವ ದಾರಿಯಲ್ಲಿ ಹೋಗುತ್ತದೆ?" ಅವರಿಗೆ ತಮಾಷೆ ಅನ್ನಿಸುತ್ತದೆ. ನಾನು ಕೇಳುವುದು ಕಾರಣ ಇಟ್ಟುಕೊಂಡೇ. ಹಾಲಿನ ಕ್ಯಾನು ಹೋಗುವ ದಾರಿಯಲ್ಲಿ ಲಾರಿ ಬರುವುದು ಅಪರೂಪ. ದಿನಾ ಯಾರಾದರೂ ಓಡಾಡುತ್ತಾರೆ, ಬಿದ್ದರೆ ಎತ್ತುವವರು ಸಿಗುತ್ತಾರೆ. ದಾರಿ ಕೊನೆಗೆ ಎಲ್ಲಾದರೂ ಹೋಗಿ ಕೂಡುತ್ತದೆ. ಮಣ್ಣು ದಾರಿಯ ಸವಾರಿಗೆ ಬೇಕಾದ್ದು ಇಷ್ಟೇ ಅಲ್ವಾ?

ಹೊರದೇಶಗಳಲ್ಲಿ ಇದಕ್ಕೆ ಗ್ರಾವೆಲ್ ಬೈಕಿಂಗ್ ಅನ್ನುತ್ತಾರೆ. ಗ್ರಾವೆಲ್ ಅಂದರೆ ಗರಸು. ರೇಸ್ ಸೈಕಲ್ಲಿನ ಬಾಗಿದ ಹ್ಯಾಂಡಲ್ಲು, ದಪ್ಪ ಟೈರು, ಏರು ಹತ್ತಲು ಹಗುರ ಗೇರು, ಇದು ಗ್ರಾವೆಲ್ ಸೈಕಲ್ಲು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಎಂಬ ಊರಿನಲ್ಲಿ 2006ರಲ್ಲಿ ಗರಸು ರಸ್ತೆಯ 200 ಮೈಲಿ ಸ್ಪರ್ಧೆ ಶುರುವಾಯಿತು. 2022ರಲ್ಲಿ ಇಟಲಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್ಪೇ ನಡೆಯಿತು. ಸ್ಪರ್ಧೆ ಇಷ್ಟಪಡುವವರು ಪಡಲಿ. ನಾನು ಇಲ್ಲಿ ಹೇಳುವುದು ಹಾರ್ನ್ ಕೇಳದ ಮೂರು ತಾಸು ಹೇಗೆ ಸಿಗುತ್ತದೆ ಅಂತ.

ಮೊದಲು ದಾರಿ ಹುಡುಕಿ

ಇಂಗ್ಲೆಂಡಿನಲ್ಲಿ ನ್ಯೂ ಫಾರೆಸ್ಟ್ ಎಂಬ ಜಾಗವಿದೆ. ಅರ್ಧ ಕಾಡು, ಅರ್ಧ ಕುರುಚಲು ಬಯಲು. ಅಲ್ಲಿ ಸೈಕಲ್ಲಿಗೆ ಅಂತಲೇ 160 ಕಿ.ಮೀ.ಗಿಂತ ಜಾಸ್ತಿ ದಾರಿ ಗುರುತಿಸಿದ್ದಾರೆ. ದಾರಿ ಕೂಡುವಲ್ಲಿ ಗೂಟ ನೆಟ್ಟು ನಂಬರು ಹಾಕಿದ್ದಾರೆ, ನಕ್ಷೆಯಲ್ಲೂ ಅದೇ ನಂಬರು. ನಮ್ಮಲ್ಲಿ ಅಂಥ ಗೂಟ ಇಲ್ಲ. ಅರಳಿಕಟ್ಟೆ, ಚೌಡಿ ಕಲ್ಲು, ಸೊಸೈಟಿ ಕಟ್ಟಡ, ಬಸ್ಸೇ ಬರದ ಬಸ್‌ಸ್ಟ್ಯಾಂಡು, ಇವೇ ನಮ್ಮ ಗೂಟಗಳು. ಆದರೆ ನಮ್ಮ ನೆಲಕ್ಕೆ ಹೆಸರುಗಳಿವೆ. ಹೆಸರು ಕೇಳಿದರೆ ದಾರಿ ಹೇಗಿರುತ್ತದೆ ಅಂತ ಅರ್ಧ ಗೊತ್ತಾಗಿಬಿಡುತ್ತದೆ.

ಬೆಟ್ಟ ಅಂದರೆ ಬೇರೆ ಕಡೆಯವರಿಗೆ ಹತ್ತಿ ಇಳಿಯುವ ಗುಡ್ಡ. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಸೊಪ್ಪಿನ ಬೆಟ್ಟ. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲು ಬ್ರಿಟಿಷರ ಕಾಲದಲ್ಲಿ ಬಿಟ್ಟುಕೊಟ್ಟ ಕಾಡು ಅದು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ ಸಿಗುತ್ತಿತ್ತು. ನೆಲ ಸರ್ಕಾರದ್ದು, ಸೊಪ್ಪಿನ ಹಕ್ಕು ತೋಟದವರದ್ದು. ಹಿಂದೆ ಎತ್ತಿನ ಗಾಡಿ, ಈಗ ಟ್ರ್ಯಾಕ್ಟರು ಓಡಾಡಿ ಇದರೊಳಗೆ ಅಗಲವಾದ ದಾರಿಗಳಾಗಿವೆ. ನೆರಳೂ ಇದೆ, ಬೆಳಕೂ ಇದೆ. ಏರು ಹದವಾಗಿರುತ್ತದೆ, ಏಕೆಂದರೆ ಹೊರೆ ಹೊತ್ತ ಎತ್ತು ಹತ್ತಬೇಕಿತ್ತು. ಹೊಸಬರು ಇಲ್ಲಿಂದಲೇ ಶುರು ಮಾಡಿ. ಒಂದೇ ಎಚ್ಚರ: ದನ ಬರದಂತೆ ತೋಡಿದ ಅಗಳ ಅಂಚಿನಲ್ಲೇ ಇರುತ್ತದೆ. ದರಕು ತುಂಬಿಕೊಂಡು ಕಾಣುವುದಿಲ್ಲ. ಮುಂದಿನ ಗಾಲಿ ಅದಕ್ಕೆ ಬಿದ್ದರೆ ನೀವು ಹ್ಯಾಂಡಲ್ಲಿನ ಆಚೆ.

ಬೇಣ ಅಂದರೆ ಹುಲ್ಲಿನ ನೆಲ. ಯುರೋಪಿನವರು ಹೀತ್ ಅಂತ ಹೇಳುವ ಕುರುಚಲು ಬಯಲಿಗೆ ನಮ್ಮ ಕಡೆ ಹತ್ತಿರದ್ದು ಇದೇ. ನವೆಂಬರಿಗೆ ಕರಡ ಒಣಗಿ ಕೆಂಪಗಾಗುತ್ತದೆ, ಅಲ್ಲಲ್ಲಿ ಕವಳಿ ಮಟ್ಟಿ, ನೇರಳೆ ಮರ. ನೆಲ ಗಟ್ಟಿ, ಮೇಲೆ ಸಣ್ಣ ಸಣ್ಣ ಉಂಡೆ ಕಲ್ಲು. ಸೈಕಲ್ ಓಡಿಸಲು ಇದರಷ್ಟು ಚಂದದ ಜಾಗ ಇನ್ನೊಂದಿಲ್ಲ ಅಂತ ನನ್ನ ಲೆಕ್ಕ. ಆದರೆ ಕವಳಿ ಮುಳ್ಳು ಟ್ಯೂಬನ್ನು ಬಿಡುವುದಿಲ್ಲ. ಇಲ್ಲಿ ಗಾಡಿ ಜಾಡು ಬಿಟ್ಟು ಹುಲ್ಲಿಗೆ ಇಳಿಯಬೇಡಿ. ಅದು ಯಾರದ್ದೋ ದನದ ಮೇವು ಎನ್ನುವುದೂ ನೆನಪಿರಲಿ.

ಕಾನು ಬೇರೆಯೇ. ದಟ್ಟ ಹಸಿರು ಕಾಡು, ಒಳಗೆ ನೀರಿನ ಸೆಲೆ, ಕೆಲವು ಕಡೆ ದೇವರ ಕಾನು. ಚಳಿಗಾಲದಲ್ಲೂ ದಾರಿ ಒದ್ದೆ, ಅಡ್ಡಡ್ಡ ಬೇರು. ನೋಡಲು ನಡೆದು ಹೋಗಿ. ಸೈಕಲ್ ಹೊರಗೇ ಇರಲಿ.

ಇನ್ನು ಕೂಪು ರಸ್ತೆ. ಮರ ಕಡಿದು ಸಾಗಿಸಲು ಕಾಡಿನೊಳಗೆ ಮಾಡಿದ ರಸ್ತೆಗಳು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಾಡಿಗೆ ನಡೆದುಹೋಗಿ, ಕಡಿಯುತ್ತಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಪಾಂಡುರಂಗ ಹೆಗಡೆಯವರ ಅಪ್ಪಿಕೋ ಚಳವಳಿ ಶುರುವಾದದ್ದು ಅಲ್ಲಿ. ಮುಂದೆ ಹಸಿ ಮರ ಕಡಿಯುವುದಕ್ಕೆ ತಡೆ ಬಂತು. ಲಾರಿಗಳು ಹೋದವು, ರಸ್ತೆಗಳು ಉಳಿದವು. ನೋಡಿದರೆ ಸೈಕಲ್ಲಿಗಂತಲೇ ಮಾಡಿಟ್ಟ ಹಾಗಿವೆ. ಆದರೆ ಇವು ಹೆಚ್ಚಿನವು ಮೀಸಲು ಅರಣ್ಯದೊಳಗಿವೆ. ಸುಮ್ನೆ ಒಳಗೆ ಹೋಗುವ ಹಾಗಿಲ್ಲ. ಆ ಭಾಗದ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ, ಯಾವ ದಾರಿ, ಎಷ್ಟು ಜನ, ಯಾವ ದಿನ ಅಂತ ಹೇಳಿ ಕೇಳಿ. ಒಪ್ಪಿದರೆ ಸರಿ, ಇಲ್ಲವೆಂದರೆ ಸೊಪ್ಪಿನ ಬೆಟ್ಟ ಮತ್ತು ಊರ ದಾರಿಗಳೇ ಒಂದು ಜನ್ಮಕ್ಕಾಗುವಷ್ಟಿವೆ. ದಾಂಡೇಲಿ, ಅಣಶಿ ಕಡೆಯ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳದಾರಿಗಳ ಆಸೆ ಬಿಟ್ಟುಬಿಡಿ.

ದಾರಿ ಕೇಳುವುದನ್ನು ಕಲಿಯಿರಿ

ಮೊಬೈಲ್ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಬೆಟ್ಟದೊಳಗೆ ನೆಟ್‌ವರ್ಕ್ ನಂಬಬೇಡಿ. ನಕ್ಷೆಯನ್ನೂ ಪೂರ್ತಿ ನಂಬಬೇಡಿ. ಮೇಲಿಂದ ತೆಗೆದ ಚಿತ್ರದಲ್ಲಿ ಮರದ ತಲೆ ಕಾಣುತ್ತದೆ, ಕೆಳಗಿನ ದಾರಿ ಕಾಣುವುದಿಲ್ಲ. ನಕ್ಷೆಯ ಗೆರೆ ನಂಬಿ ಹೋಗಿ ಯಾರದ್ದೋ ಅಂಗಳದಲ್ಲಿ ಒಣಗಿಸಿದ ಅಡಿಕೆ ಎದುರು ನಿಂತದ್ದು ನನಗೆ ಲೆಕ್ಕವಿಲ್ಲ.

ಹಾಗಾಗಿ ಕೇಳಬೇಕು. ಕೇಳುವುದರಲ್ಲೂ ಒಂದು ರೀತಿ ಇದೆ. ಒಮ್ಮೆ ಹುಲೇಕಲ್ ಕಡೆ ಒಬ್ಬರನ್ನು ಕೇಳಿದೆ, "ಹೆಗಡೇರೆ, ಈ ದಾರಿ ಆಚೆ ಊರಿಗೆ ಹೋಗ್ತಾ?" ಕವಳ ಬದಿಗೆ ಸರಿಸಿ ಅವರೆಂದರು, "ಹೋಗ್ತು, ಹೋಗ್ತು." ಹೋದೆ. ಎರಡು ಕಿ.ಮೀ. ಆದ ಮೇಲೆ ದಾರಿ ತೋಟಕ್ಕೆ ಇಳಿಯಿತು. ತೋಟದ ಕೊನೆಗೆ ಹಳ್ಳ, ಹಳ್ಳಕ್ಕೆ ಎರಡು ಅಡಿಕೆ ಮರದ ಸಂಕ. ಸೈಕಲ್ ಹೆಗಲಿಗೆ ಹಾಕಿಕೊಂಡು ಆ ಸಂಕ ದಾಟಿದ್ದನ್ನು ಈಗಲೂ ಮನೆಯಲ್ಲಿ ಹೇಳಿಲ್ಲ. ಅವರು ಸುಳ್ಳು ಹೇಳಿರಲಿಲ್ಲ. ಆ ದಾರಿಯಲ್ಲಿ ಅವರು ಜನ್ಮವಿಡೀ ನಡೆದೇ ಹೋದವರು. ನನ್ನ ಪ್ರಶ್ನೆಯೇ ಸರಿ ಇರಲಿಲ್ಲ.

ಈಗ ಹೀಗೆ ಕೇಳುತ್ತೇನೆ: "ರಿಕ್ಷಾ ಹೋಗ್ತಾ? ಬೈಕ್ ಹೋಗ್ತಾ?" ರಿಕ್ಷಾ ಹೋಗುತ್ತದೆ ಅಂದರೆ ಮಕ್ಕಳನ್ನೂ ಕರೆದುಕೊಂಡು ಹೋಗಬಹುದಾದ ದಾರಿ. ಬೈಕ್ ಹೋಗುತ್ತದೆ ಅಂದರೆ ಇಕ್ಕಟ್ಟು, ಆದರೆ ಚಂದ. ನಾನು ಹುಡುಕುವುದು ಇದನ್ನೇ. "ಜೀಪ್ ಹೋಗ್ತು" ಎಂದು ಎಳೆದು ಹೇಳಿದರೆ ಕಡಿದಾದ ಏರು, ಎದ್ದ ಕಲ್ಲು, ಅರ್ಧ ದಾರಿ ತಳ್ಳಬೇಕು. "ನಡ್ಕಂಡು ಹೋಗ್ಲಕ್ಕು" ಅಂದರೆ ಸಂಕ ಇದೆ ಅಂತಲೇ ತಿಳಿಯಿರಿ. ದೂರ ಕೇಳುವಾಗ ಕಿಲೋಮೀಟರಿನಲ್ಲಿ ಕೇಳಬೇಡಿ, ನಡೆದರೆ ಎಷ್ಟು ಹೊತ್ತು ಅಂತ ಕೇಳಿ. ಅರ್ಧ ತಾಸು ಅಂದರೆ ಎರಡರಿಂದ ಎರಡೂವರೆ ಕಿ.ಮೀ. "ಇಲ್ಲೇ, ಒಂದು ಕೂಗಳತೆ" ಎನ್ನುವುದಕ್ಕೆ ಮಾತ್ರ ನನ್ನ ಹತ್ತಿರ ಲೆಕ್ಕ ಇಲ್ಲ.

ಸೈಕಲ್ಲು: ಇದ್ದದ್ದನ್ನು ಮೊದಲು ನೋಡಿ

ಗ್ರಾವೆಲ್ ಸೈಕಲ್ಲಿಗೆ ಸಾಮಾನ್ಯವಾಗಿ 38ರಿಂದ 50 ಮಿ.ಮೀ. ಅಗಲದ ಟೈರು ಹಾಕುತ್ತಾರೆ. ಈಗ ಅಟ್ಟದ ಮೇಲಿರುವ ಅಪ್ಪನ ಹಳೇ ಕರಿ ಸೈಕಲ್ ಇಳಿಸಿ, ಟೈರಿನ ಬದಿ ಒರೆಸಿ ನೋಡಿ. 28 × 1½ ಅಂತ ಇರುತ್ತದೆ. ಅಂತರರಾಷ್ಟ್ರೀಯ ಅಳತೆಯಲ್ಲಿ ಅದು 40-635, ಅಂದರೆ 40 ಮಿ.ಮೀ. ಅಗಲ! ಶಾಲೆಗೆ, ಸೊಸೈಟಿಗೆ, ಸಂತೆಗೆ ಇದೇ ಮಣ್ಣು ದಾರಿಯಲ್ಲಿ ಅದನ್ನು ತುಳಿಯುತ್ತಿದ್ದವರು ಹೆಸರು ಗೊತ್ತಿಲ್ಲದೆ ಗ್ರಾವೆಲ್ ಬೈಕಿಂಗೇ ಮಾಡುತ್ತಿದ್ದರು. ಸಪಾಟು ದಾರಿಗೆ ಆ ಸೈಕಲ್ ಈಗಲೂ ಸಾಕು. ಶಿರಸಿಯ ಏರಿಗೆ ಒಂದೇ ಗೇರು ಸಾಲುವುದಿಲ್ಲ, ಮತ್ತು ಅದರ ರಾಡ್ ಬ್ರೇಕು ಒದ್ದೆಯಾದರೆ ಹಿಡಿಯುವುದೇ ಇಲ್ಲ.

ಮಕ್ಕಳು ಕಾಲೇಜಿಗೆ ಹೋಗುವಾಗ ಕೊಡಿಸಿದ ಎಂಟಿಬಿ, ಅಂದರೆ ಮೌಂಟನ್ ಬೈಕ್, ಮನೆಯಲ್ಲಿದ್ದರೆ ಅದೇ ಒಳ್ಳೇದು. ಎರಡು ಇಂಚಿನ ಟೈರು ಇರುತ್ತದೆ. ಹೊಸತು ತಗೊಳ್ಳುವುದೇ ಆದರೆ ಮೂರು ವಿಷಯ ನೋಡಿ. ಒಂದು, ಕನಿಷ್ಠ 40 ಮಿ.ಮೀ. ಟೈರು ಹಿಡಿಸಿ ಅಕ್ಕಪಕ್ಕ ಕೆಸರಿಗೆ ಜಾಗ ಉಳಿಯಬೇಕು. ನಮ್ಮ ಕೆಂಪು ಮಣ್ಣು ಗಾಲಿಗೆ ಮೆತ್ತಿಕೊಂಡರೆ ಸೈಕಲ್ ನಿಂತುಬಿಡುತ್ತದೆ. ಎರಡು, ಅತಿ ಹಗುರ ಗೇರಿನಲ್ಲಿ ಪೆಡಲಿನ ಹತ್ತಿರದ ಹಲ್ಲುಚಕ್ರದ ಹಲ್ಲು ಹಿಂದಿನ ಗಾಲಿಯದ್ದಕ್ಕಿಂತ ಕಡಿಮೆ ಇರಬೇಕು, ಹೆಚ್ಚೆಂದರೆ ಸಮ. ಮುಂದೆ 30, ಹಿಂದೆ 34 ಇದ್ದರೆ ಇಲ್ಲಿನ ಹೆಚ್ಚಿನ ಏರು ಕೂತೇ ಹತ್ತಬಹುದು. ಮೂರು, ಡಿಸ್ಕ್ ಬ್ರೇಕು. ಶಾಕ್‌ಅಬ್ಸಾರ್ಬರ್ ಬೇಕಾಗಿಲ್ಲ. ಕಡಿಮೆ ಬೆಲೆಯ ಸೈಕಲ್ಲಿನ ಶಾಕ್‌ಅಬ್ಸಾರ್ಬರ್ ಬರೀ ಭಾರ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಮಾಡುವುದು ಗಾಳಿ. ಅದಕ್ಕೆ ದುಡ್ಡೂ ಬೇಡ. ಅಂಗಡಿಯಲ್ಲಿ ಕಲ್ಲಿನ ಹಾಗೆ ಗಟ್ಟಿ ತುಂಬಿ ಕೊಡುತ್ತಾರೆ. ಆ ಗಾಳಿಯಲ್ಲಿ ಗರಸಿನ ಮೇಲೆ ಹೋದರೆ ಗಾಲಿ ಪುಟಿಯುತ್ತದೆ, ಜಾರುತ್ತದೆ, ರಾತ್ರಿ ಕೈ ಜೋಮು ಹಿಡಿಯುತ್ತದೆ. 70 ಕೆ.ಜಿ. ಆಸುಪಾಸಿನವರು, ಟ್ಯೂಬ್ ಇರುವ 40 ಮಿ.ಮೀ. ಟೈರಿಗೆ ಮುಂದೆ 35, ಹಿಂದೆ 40 ಪಿಎಸ್‌ಐಯಿಂದ (ಗಾಳಿಯ ಒತ್ತಡದ ಅಳತೆ) ಶುರು ಮಾಡಿ. 50 ಮಿ.ಮೀ. ಟೈರಿಗೆ ಮುಂದೆ 28, ಹಿಂದೆ 32. ಭಾರ ಜಾಸ್ತಿ ಇದ್ದವರು ಸ್ವಲ್ಪ ಏರಿಸಿ. ತೀರಾ ಇಳಿಸಿದರೆ ಕಲ್ಲಿಗೆ ಹೊಡೆದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಪಕ್ಕಪಕ್ಕ ಎರಡು ತೂತಾಗುತ್ತದೆ. ಅಂಥ ತೂತು ಕಂಡರೆ ಮೂರು-ನಾಲ್ಕು ಪಿಎಸ್‌ಐ ಜಾಸ್ತಿ ಮಾಡಿ. ಎರಡು-ಮೂರು ಸವಾರಿಯಲ್ಲಿ ನಿಮ್ಮ ಅಳತೆ ನಿಮಗೆ ಗೊತ್ತಾಗುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ನನಗೆ ಎಂಟು ಕಿ.ಮೀ. ನಡೆಸಿದ ವಿಷಯ. ದುಬಾರಿ ಸೈಕಲ್ಲುಗಳಿಗೆ ಪ್ರೆಸ್ಟಾ ಎಂಬ ತೆಳ್ಳಗಿನ ವಾಲ್ವ್ ಇರುತ್ತದೆ. ಊರ ಪಂಕ್ಚರ್ ಅಂಗಡಿಯ ಪಂಪು ಅದಕ್ಕೆ ಕೂರುವುದಿಲ್ಲ. ಬೆರಳ ತುದಿಯಷ್ಟು ದೊಡ್ಡ ಹಿತ್ತಾಳೆ ಅಡಾಪ್ಟರ್ ಒಂದನ್ನು ಈಗಲೇ ತಗೊಂಡು ವಾಲ್ವಿಗೇ ತಿರುಗಿಸಿ ಇಟ್ಟುಬಿಡಿ.

ಯಾವ ತಿಂಗಳು, ಎಷ್ಟು ಹೊತ್ತಿಗೆ

ನವೆಂಬರಿನಿಂದ ಫೆಬ್ರವರಿ. ಮಳೆ ನಿಂತು ಮಣ್ಣು ಬಿಗಿದಿರುತ್ತದೆ, ಹುಡಿ ಏಳುವುದಕ್ಕೆ ಇನ್ನೂ ಸಮಯ ಇರುತ್ತದೆ. ಹಳ್ಳದಲ್ಲಿ ನೀರೂ ಇರುತ್ತದೆ. ಮಾರ್ಚಿನ ನಂತರ ಹುಡಿ ಗಾಲಿ ಮುಳುಗುವಷ್ಟು, ಜೊತೆಗೆ ಕಾಡಿಗೆ ಬೆಂಕಿ ಬೀಳುವ ಕಾಲ.

ಮಳೆಗಾಲದಲ್ಲಿ ಹೋಗಲೇಬೇಡಿ ಅಂತ ನಾನು ಹೇಳಿದರೆ ಯಾರೂ ಕೇಳುವುದಿಲ್ಲ, ನಾನೂ ಹೋಗುತ್ತೇನೆ. ಆದರೆ ಡಾಂಬರು ಹಾಕಿದ ಊರ ದಾರಿಗಳಲ್ಲಿ ಮಾತ್ರ. ಮಣ್ಣು ದಾರಿಯಲ್ಲಿ ಆಗ ಹಾವಸೆ (ಪಾಚಿ), ಉಂಬಳ (ಜಿಗಣೆ), ಕೊಚ್ಚಿಹೋದ ಸಂಕ. ಘಟ್ಟದ ಕೆಳಗಿನ ಕಡಿದಾದ ಗುಡ್ಡದ ಬುಡವಂತೂ ಬೇಡವೇ ಬೇಡ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದದ್ದನ್ನು ಈ ಜಿಲ್ಲೆಯವರು ಯಾರೂ ಮರೆತಿಲ್ಲ.

ಬೆಳಿಗ್ಗೆ ಬೆಳಕು ಹರಿದ ಮೇಲೆ ಹೊರಡಿ, ಅದಕ್ಕಿಂತ ಮೊದಲು ಬೇಡ. ಡಿಸೆಂಬರಿನಲ್ಲಿ ಅದು ಏಳು ಗಂಟೆ ಹತ್ತಿರ. ಸಂಜೆ ಐದರೊಳಗೆ ದೊಡ್ಡ ರಸ್ತೆಗೆ ಬಂದಿರಿ. ಕಾಡುಕೋಣ, ಹಂದಿ ಓಡಾಡುವುದು ಮುಂಜಾನೆ ಮತ್ತು ಮುಸ್ಸಂಜೆಯ ನಸುಗತ್ತಲಿನಲ್ಲೇ. ಮುಂಡಗೋಡ, ಯಲ್ಲಾಪುರದ ಕಡೆ ಭತ್ತದ ಕೊಯ್ಲಿನ ಹೊತ್ತಿಗೆ ಆನೆಗಳೂ ಬರುತ್ತವೆ. ಆ ದಿನಗಳಲ್ಲಿ ಊರವರನ್ನು ಕೇಳದೆ ಅಲ್ಲಿ ಒಳದಾರಿ ಹಿಡಿಯಬೇಡಿ.

ಸಮಯದ ಲೆಕ್ಕ ಹೀಗೆ: ಡಾಂಬರಿನಲ್ಲಿ ಗಂಟೆಗೆ 18 ಕಿ.ಮೀ. ಹೋಗುವವರು ಮಣ್ಣಿನಲ್ಲಿ 10 ಅಂತ ಇಟ್ಟುಕೊಳ್ಳಿ. ಮೊದಲ ಸವಾರಿ 15 ಕಿ.ಮೀ. ಸಾಕು. ಯಾವ ದಾರಿಯಲ್ಲಿ ಹೋಗಿ ಯಾವ ದಾರಿಯಲ್ಲಿ ಬರುತ್ತೀರಿ ಅಂತ ಮನೆಯಲ್ಲಿ ಹೇಳಿ ಹೋಗಿ. ಬರೀ "ಸೈಕಲ್ ಹೊಡ್ಕಂಡು ಬತ್ತೆ" ಅಂದರೆ ಸಾಲದು.

ಚೀಲದಲ್ಲಿ

ಒಂದು ಹೆಚ್ಚಿನ ಟ್ಯೂಬು, ಪ್ಯಾಚು, ಸಣ್ಣ ಪಂಪು, ಅಲೆನ್ ಕೀ. ನಟ್ಟಿನ ಗಾಲಿಯಾದರೆ ಪಾನಾ. ಹಳೇ ಟೈರಿನ ಅಂಗೈಯಗಲ ತುಂಡು ಒಂದು. ಚೂಪು ಕಲ್ಲಿಗೆ ಟೈರು ಸೀಳಿದರೆ ಒಳಗಿನಿಂದ ಇಟ್ಟು ಮನೆ ಮುಟ್ಟಬಹುದು. ಎರಡು ತಾಸಿಗೆ ಒಂದು ಲೀಟರ್ ನೀರು.

ತಿನ್ನಲು ಸಿಟಿಯವರು ಪ್ಯಾಕೆಟ್ಟಿನ ಜೆಲ್ ತರುತ್ತಾರೆ. ನಾನು ಸಣ್ಣ ಬಾಟಲಿಯಲ್ಲಿ ಜೋನಿ ಬೆಲ್ಲ ಇಟ್ಟುಕೊಳ್ಳುತ್ತೇನೆ. ತಾಸಿಗೊಮ್ಮೆ ಒಂದು ಗುಟುಕು, ಮೇಲೆ ನೀರು. ಜೊತೆಗೆ ಎರಡು ಬಾಳೆಹಣ್ಣು, ಚಿಟಿಕೆ ಉಪ್ಪು. ಉಪ್ಪು ಉಂಬಳಕ್ಕೂ ಆಗುತ್ತದೆ. ಬೆಲ್ಲದ ಬಾಟಲಿಯ ಮುಚ್ಚಳ ಮಾತ್ರ ಸರಿ ಹಾಕಿ. ನನ್ನ ಒಂದು ಚೀಲಕ್ಕೆ ಇವತ್ತಿಗೂ ಇರುವೆ ಹತ್ತುತ್ತದೆ.

ನೆಲ ನೋಡಿ ಓಡಿಸುವುದು

ಗರಸಿನಲ್ಲಿ ಸೈಕಲ್ ಸ್ವಲ್ಪ ಅಲುಗುತ್ತಲೇ ಇರುತ್ತದೆ. ಅಲುಗಲಿ. ಹ್ಯಾಂಡಲ್ಲನ್ನು ಕೋಳಿ ಹಿಡಿದ ಹಾಗೆ ಬಿಗಿ ಹಿಡಿದರೆ ಅಲುಗಾಟ ಜಾಸ್ತಿಯಾಗುತ್ತದೆ. ಮೊಣಕೈ ಸಡಿಲ ಬಿಡಿ. ಕಣ್ಣು ಐದಾರು ಮೀಟರ್ ಮುಂದೆ ಇರಲಿ, ಮುಂದಿನ ಗಾಲಿಯ ಮೇಲೆ ಬೇಡ. ಹೊಂಡವನ್ನೇ ನೋಡುತ್ತಿದ್ದರೆ ಹೊಂಡಕ್ಕೇ ಹೋಗುತ್ತೀರಿ.

ಇಳಕಲಿನಲ್ಲಿ ಸೀಟಿನಿಂದ ಸ್ವಲ್ಪ ಎದ್ದು, ಎರಡೂ ಪೆಡಲ್ ಸಮ ಎತ್ತರದಲ್ಲಿಟ್ಟು, ಸೊಂಟ ಹಿಂದೆ ತೆಗೆದುಕೊಳ್ಳಿ. ಬ್ರೇಕು ತಿರುವಿಗೆ ಮೊದಲೇ ಹಿಡಿಯಬೇಕು, ಎರಡೂ ಸೇರಿಸಿ, ಮೆಲ್ಲಗೆ. ತಿರುವಿನಲ್ಲಿ ಮುಂದಿನ ಬ್ರೇಕು ಮುಟ್ಟಬಾರದು. ಬೇಣದ ಉಂಡೆ ಕಲ್ಲಿನ ಮೇಲೆ ನಾನು ಇದನ್ನು ಮರೆತ ದಿನದ ಗುರುತು ಎಡ ಮೊಣಕೈಯಲ್ಲಿ ಇದೆ. ರಾಗಿ ಚೆಲ್ಲಿದ ಸಿಮೆಂಟ್ ನೆಲದ ಮೇಲೆ ನಡೆದ ಹಾಗೆ ಆ ಕಲ್ಲು. ನೇರ ಹೋದರೆ ಏನೂ ಆಗುವುದಿಲ್ಲ, ಹಠಾತ್ ತಿರುಗಿಸಿದರೆ ಬಿದ್ದಿರಿ. ಏರಿನಲ್ಲಿ ಇದರ ಉಲ್ಟಾ: ಎದ್ದು ನಿಂತು ತುಳಿದರೆ ಹಿಂದಿನ ಗಾಲಿ ಗಿರ್ರನೆ ತಿರುಗಿ ಅಲ್ಲೇ ನಿಲ್ಲುತ್ತದೆ. ಕೂತೇ, ಹಗುರ ಗೇರಿನಲ್ಲಿ, ಒಂದೇ ಸಮ ತುಳಿಯಿರಿ. ಆಗದಿದ್ದರೆ ಇಳಿದು ತಳ್ಳಿ. ಎತ್ತೂ ಅಲ್ಲಲ್ಲಿ ನಿಂತೇ ಹತ್ತುತ್ತಿತ್ತು.

ದರಕು ಹಾಸಿದ ದಾರಿ ಮೆತ್ತಗೆ ಕಾಣುತ್ತದೆ, ಶಬ್ದವೂ ಚಂದ. ಅದರಡಿಗೆ ಕಲ್ಲಿದೆಯೋ ಬೇರಿದೆಯೋ ಗೊತ್ತಾಗುವುದಿಲ್ಲ. ವೇಗ ಅರ್ಧ ಮಾಡಿ. ಜಂಬಿಟ್ಟಿಗೆ ಹಾಸು ಒಣಗಿದ್ದರೆ ಟೈರನ್ನು ಗಟ್ಟಿ ಹಿಡಿಯುತ್ತದೆ. ಅದರ ಮೇಲೆ ಹಸಿರು-ಕಪ್ಪು ಹಾವಸೆ ಕಂಡರೆ ಇಳಿದು ನಡೆಯಿರಿ. ಹೊಸದಾಗಿ ಕಡಿ ಹಾಕಿದ ರಸ್ತೆ ಸಿಕ್ಕರೆ ವಾಪಸ್ ತಿರುಗಿ. ಮುಷ್ಟಿಗಾತ್ರದ ಕಲ್ಲಿನ ಮೇಲೆ ಯಾವ ಸೈಕಲ್ಲಿಗೂ ಸುಖ ಇಲ್ಲ.

ದಾರಿಯಲ್ಲಿ ಸಿಗುವವರು

ಟ್ರಾಫಿಕ್ ಇಲ್ಲ ಅಂದರೆ ಯಾರೂ ಇಲ್ಲ ಅಂತ ಅಲ್ಲ. ತಲೆಯ ಮೇಲೆ ದರಕಿನ ಹೊರೆ ಹೊತ್ತ ಹೆಂಗಸರು ಎದುರಾಗುತ್ತಾರೆ. ಹೊರೆಯ ಅಡಿಯಿಂದ ಅವರಿಗೆ ಎರಡು ಮಾರು ಮುಂದಿನದು ಮಾತ್ರ ಕಾಣುತ್ತದೆ. ನೀವೇ ದಾರಿ ಬಿಟ್ಟು ನಿಲ್ಲಿ. ಹಿಂದಿನಿಂದ ಬರುವಾಗ ದೂರದಿಂದಲೇ ಬೆಲ್ ಮಾಡಿ, ಹತ್ತಿರ ಬಂದು ಬೆಚ್ಚಿಬೀಳಿಸಬೇಡಿ. ಉಣಗೋಲು ಅಡ್ಡ ಇದ್ದರೆ, ಕೋಲು ಸರಿಸಿ ದಾಟಿ, ಅದೇ ಹಾಗೆ ಮತ್ತೆ ಹಾಕಿ. ನೀವು ಮರೆತರೆ ಯಾರದ್ದೋ ಗದ್ದೆಗೆ ದನ ನುಗ್ಗುತ್ತದೆ, ಮುಂದಿನ ಸೈಕಲ್ಲಿನವನಿಗೆ ಬೈಗುಳ ಸಿಗುತ್ತದೆ.

ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯುವುದು ಎಲ್ಲರಿಗೂ ತೋಚುವ ಉಪಾಯ. ಮಣ್ಣಿನಲ್ಲಿ ಅದು ಬೀಳುವ ಉಪಾಯ. ಇಳಿಯಿರಿ, ನಾಯಿಗೂ ನಿಮಗೂ ನಡುವೆ ಸೈಕಲ್ ಇರಲಿ, ಮೆಲ್ಲಗೆ ನಡೆಯಿರಿ. ಹೆಚ್ಚಿನ ನಾಯಿಗಳಿಗೆ ನಡೆಯುವ ಮನುಷ್ಯರ ಮೇಲೆ ಅಷ್ಟು ಸಿಟ್ಟಿಲ್ಲ. ಕಾಡುಕೋಣ ಕಂಡರೆ ಅಲ್ಲೇ ನಿಲ್ಲಿ. ಬೆಲ್ಲಿಲ್ಲ, ಫೋಟೊ ಇಲ್ಲ. ಅದು ಕಾಡಿಗೆ ಇಳಿದ ಮೇಲೂ ಐದು ನಿಮಿಷ ಕಾಯಿರಿ, ಹಿಂದೆ ಇನ್ನೂ ಇರಬಹುದು.

ನೀರು ಖಾಲಿಯಾದರೆ ಮನೆ ಬಾಗಿಲಿಗೆ ಹೋಗಿ ಕೇಳಿ, ಸಂಕೋಚ ಬೇಡ. "ಆಸರಿಗೆ ಎಂತ ಬೇಕು ತಮಾ?" ಅನ್ನುತ್ತ ಅಜ್ಜಿಯೊಬ್ಬರು ಮಜ್ಜಿಗೆಯನ್ನೋ ಮುರುಗಲು ಪಾನಕವನ್ನೋ ತಂದಿಡುತ್ತಾರೆ. ಹತ್ತು ನಿಮಿಷ ಕೂತು ಯಾವ ಊರು, ಯಾರ ಮನೆ ಅಂತ ಹೇಳಿ ಬನ್ನಿ. ದುಡ್ಡು ಕೊಡಲು ಹೋಗಬೇಡಿ.

ಶುರು ಮಾಡಲು ಮೂರು ಕಡೆ

ಬನವಾಸಿ-ಗುಡ್ನಾಪುರ ಹೊಸಬರಿಗೆ. ಶಿರಸಿಯಿಂದ ಬನವಾಸಿ 23 ಕಿ.ಮೀ. ಆಸುಪಾಸು, ನೆಲ ಸಪಾಟಾಗುತ್ತ ಹೋಗುತ್ತದೆ. ಸೈಕಲ್ಲನ್ನು ಗಾಡಿಯಲ್ಲಿ ಅಲ್ಲಿವರೆಗೆ ಒಯ್ದು, ಮಧುಕೇಶ್ವರ ದೇವಸ್ಥಾನದ ಹತ್ತಿರದಿಂದ ಶುರು ಮಾಡಿ. ಗದ್ದೆ, ಅನಾನಸ್ ಹೊಲ, ವರದಾ ನದಿಯ ದಂಡೆ, ಆಮೇಲೆ ಗುಡ್ನಾಪುರದ ದೊಡ್ಡ ಕೆರೆ. ನೆರಳು ಕಡಿಮೆ, ಹತ್ತು ಗಂಟೆಯೊಳಗೆ ಮುಗಿಸಿ.

ಸೋಂದಾ-ಸಹಸ್ರಲಿಂಗ ನನ್ನ ಮೆಚ್ಚಿನದು. ಶಿರಸಿ-ಯಲ್ಲಾಪುರ ರಸ್ತೆಯಲ್ಲಿ ಸುಮಾರು 17 ಕಿ.ಮೀ. ಹೋದರೆ ಶಾಲ್ಮಲಾ ನದಿಯ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳು. ನದಿಗೆ ತೂಗುಸೇತುವೆ ಇದೆ, ಇಳಿದು ತಳ್ಳಿಕೊಂಡು ದಾಟಿ. ಅಲ್ಲಿಂದ ಸೋಂದಾ ಕಡೆಗೆ ತೋಟ, ಬೆಟ್ಟ, ಸಣ್ಣ ಸಣ್ಣ ಊರುಗಳ ಒಳದಾರಿಗಳು. ವಾದಿರಾಜ ಮಠ, ಸ್ವರ್ಣವಲ್ಲಿ ಮಠ, ಜೈನ ಮಠ, ಮೂರೂ ಇದೇ ಸುತ್ತಿನಲ್ಲಿ. ಮುಂಡಿಗೆಕೆರೆಯಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿ, ನೀರುಕಾಗೆ, ಬಿಳಿ ಕೆಂಬರಲು ಗೂಡು ಕಟ್ಟುತ್ತವೆ. ಏರು-ಇಳಕಲು ಸಾಕಷ್ಟಿದೆ. ಭಾನುವಾರ ಮತ್ತು ಶಿವರಾತ್ರಿ ಬಿಟ್ಟು ಹೋಗಿ, ಆ ದಿನ ಕಾರುಗಳೇ ಕಾರುಗಳು.

ಘಟ್ಟದ ಕೆಳಗಾದರೆ ಅಘನಾಶಿನಿಯ ಗಜನಿ, ಅಂದರೆ ಹೊಳೆ ಬದಿಯ ಉಪ್ಪುನೀರು ಬರುವ ಗದ್ದೆ ಬಯಲು. ಇದಕ್ಕಾಗಿ ದೇವಿಮನೆ ಘಟ್ಟವನ್ನು ಸೈಕಲ್ಲಿನಲ್ಲಿ ಇಳಿಯಬೇಡಿ. ಅದು ಹೆದ್ದಾರಿ, ವಾಹನ ಜಾಸ್ತಿ. ಕುಮಟಾದವರೆಗೆ ಗಾಡಿಯಲ್ಲೋ ರೈಲಿನಲ್ಲೋ ಬನ್ನಿ. ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳ ಕಟ್ಟೆಯ ಮೇಲೆ ಸೈಕಲ್ ಓಡಿಸುವುದು ಬೇರೆ ಎಲ್ಲೂ ಸಿಗದ ಸುಖ. ಒಂದು ಕಡೆ ಗದ್ದೆ, ಇನ್ನೊಂದು ಕಡೆ ಹೊಳೆ, ತಲೆಯ ಮೇಲೆ ಹದ್ದು. ಕಟ್ಟೆ ಕುಸಿದಲ್ಲಿ, ನೀರು ಬಿಡುವ ಬಾಗಿಲು ಇರುವಲ್ಲಿ ಇಳಿದು ನಡೆಯಿರಿ. ಅಘನಾಶಿನಿ ಊರಿನಿಂದ ತದಡಿಗೆ ದೋಣಿ ಇದೆ, ಸೈಕಲ್ ಹಾಕಿಕೊಂಡು ಹೊಳೆ ದಾಟಬಹುದು. ಆಚೆ ದಡದಲ್ಲಿ ಸಾಣಿಕಟ್ಟಾದ ಉಪ್ಪಿನಾಗರ, ಮುಂದೆ ಗೋಕರ್ಣದ ಮೇಲಿನ ಜಂಬಿಟ್ಟಿಗೆ ಗುಡ್ಡ, ಹುಲ್ಲು, ಕೆಳಗೆ ಸಮುದ್ರ. ವಾರದ ನಡುವೆ ಹೋದರೆ ಮಾತ್ರ ಅದು ನಿಮ್ಮದು.

ಮನೆಗೆ ಬಂದ ಮೇಲೆ

ಸುಸ್ತಾಗಿ ಕುರ್ಚಿಯಲ್ಲಿ ಕೂರುವ ಮೊದಲು ಬಟ್ಟೆ ಬದಲಾಯಿಸಿ. ಹಾಕಿದ ಬಟ್ಟೆ ನೇರ ಬಿಸಿನೀರಿಗೆ, ನೀವು ಬಚ್ಚಲಿಗೆ. ಇದು ಸ್ವಚ್ಛತೆಗಾಗಿ ಅಷ್ಟೇ ಅಲ್ಲ, ಉಣುಗಿಗಾಗಿ, ಅಂದರೆ ಮೈಗೆ ಹತ್ತಿ ರಕ್ತ ಹೀರುವ ಸಣ್ಣ ಹುಳಕ್ಕಾಗಿ. ಮಂಗನ ಕಾಯಿಲೆ 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಕಂಡದ್ದು. ಉಣುಗು ಕಚ್ಚಿ ಬರುತ್ತದೆ. ನಮ್ಮ ಸಿದ್ದಾಪುರ ತಾಲೂಕಿನಲ್ಲೂ ಸಾವು-ನೋವು ಆಗಿದೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ, ಅಂದರೆ ಸೈಕಲ್ಲಿನ ಒಳ್ಳೇ ದಿನಗಳಲ್ಲೇ. ಹೊರಡುವಾಗ ಉದ್ದ ಕಾಲುಚೀಲ ಹಾಕಿ. ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿ. ದರಕಿನ ಮೇಲೆ ಕೂರಬೇಡಿ, ಸೈಕಲ್ಲನ್ನೂ ಮಟ್ಟಿಯೊಳಗೆ ಮಲಗಿಸಬೇಡಿ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಊರ ಆರೋಗ್ಯ ಕೇಂದ್ರಕ್ಕೋ ಅರಣ್ಯದವರಿಗೋ ತಿಳಿಸಿ, ಆ ದಾರಿ ಬಿಡಿ. ಸ್ನಾನ ಮಾಡುವಾಗ ಮೊಣಕಾಲಿನ ಹಿಂದೆ, ಕಂಕುಳು, ಕಿವಿಯ ಹಿಂಭಾಗ ನೋಡಿಕೊಳ್ಳಿ. ಉಣುಗು ಎಳ್ಳಿಗಿಂತ ಸಣ್ಣದಿರಬಹುದು. ಎಂಟು-ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಮೊದಲ ಮಾತಾಗಿ ಕಾಡಿಗೆ ಹೋಗಿದ್ದೆ ಅಂತ ಹೇಳಿ.

ಆಮೇಲೆ ಸೈಕಲ್ಲು. ಕೆಂಪು ಹುಡಿಯೂ ಎಣ್ಣೆಯೂ ಸೇರಿದರೆ ಚೈನಿಗೆ ಮರಳು ಕಾಗದ ಉಜ್ಜಿದ ಹಾಗೆ. ಹಳೇ ಪಂಚೆಯ ತುಂಡಿನಿಂದ ಚೈನು ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸುತ್ತ ಒರೆಸಿ, ಬಟ್ಟೆಗೆ ಕೆಂಪು ಹತ್ತುವುದು ನಿಲ್ಲುವವರೆಗೆ. ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಹತ್ತು ನಿಮಿಷ ಬಿಟ್ಟು ಮೇಲಿನದನ್ನು ಮತ್ತೆ ಒರೆಸಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರು ಬೇಡ, ಬೇರಿಂಗಿನೊಳಗೆ ನುಗ್ಗುತ್ತದೆ. ಚೊಂಬಿನಲ್ಲಿ ನೀರು ಹಾಕಿ ತೊಳೆದರೆ ಸಾಕು. ಗಜನಿ ಕಡೆ ಹೋಗಿ ಬಂದಿದ್ದರೆ ಮಾತ್ರ ಅವತ್ತೇ ಸಿಹಿನೀರಿನಲ್ಲಿ ತೊಳೆಯಿರಿ. ಉಪ್ಪು ರಾತ್ರಿ ಬೆಳಗಾಗುವುದರೊಳಗೆ ಚೈನಿನ ಬಣ್ಣ ಬದಲಾಯಿಸಿಬಿಡುತ್ತದೆ.